ಮಾತಿನ ಸರದಿ ಯಾರ ಕೈಯಲ್ಲಿದೆ?

ಕೇಳುಗ ಬಂಧುಗಳೆ, ನಮಸ್ಕಾರ.

ಇಬ್ಬರು ಮಾತಾಡುತ್ತಿರುವಾಗ ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರ ಉತ್ತರ ಶುರುವಾಗುವ ನಡುವೆ ಎಷ್ಟು ಹೊತ್ತು ಕಳೆಯುತ್ತದೆ ಎಂಬುದನ್ನು ಭಾಷಾವಿಜ್ಞಾನಿಗಳು ಅಳೆದು ನೋಡಿದ್ದಾರೆ. ಜಪಾನಿ, ಕೊರಿಯನ್, ಡೇನಿಷ್, ಲಾವೋ ಮೊದಲಾದ, ಒಂದಕ್ಕೊಂದು ನಂಟಿಲ್ಲದ ಹಲವು ಭಾಷೆಗಳೂ ಸೇರಿದಂತೆ ಒಟ್ಟು ಹತ್ತು ಭಾಷೆಗಳ ದಿನನಿತ್ಯದ ಮಾತುಕತೆಗಳನ್ನು ಚಿತ್ರೀಕರಿಸಿಕೊಂಡು ನಡೆಸಿದ ಆ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಸರಾಸರಿ ಅಂತರ ಸುಮಾರು 200 ಮಿಲಿಸೆಕೆಂಡ್, ಅಂದರೆ ಒಂದು ಸೆಕೆಂಡಿನ ಐದನೆಯ ಒಂದು ಪಾಲು. ಜಪಾನಿನವರು ಎಲ್ಲರಿಗಿಂತ ಬೇಗ ಉತ್ತರಿಸುತ್ತಾರೆ, ಡೆನ್ಮಾರ್ಕಿನವರು ಎಲ್ಲರಿಗಿಂತ ತಡವಾಗಿ ಉತ್ತರಿಸುತ್ತಾರೆ, ಆದರೆ ಆ ತಡವೂ ಅರ್ಧ ಸೆಕೆಂಡಿನ ಒಳಗೇ ಇದೆ.

ಇದರ ಪಕ್ಕದಲ್ಲಿ ಇನ್ನೊಂದು ಅಂಕಿಯನ್ನು ಇಟ್ಟು ನೋಡಬೇಕು. ಒಂದು ಹಸುವಿನ ಚಿತ್ರ ತೋರಿಸಿ ಇದೇನು ಎಂದು ಕೇಳಿದರೆ, ಆ ಒಂದೇ ಪದವನ್ನು ಬಾಯಿಗೆ ತಂದುಕೊಳ್ಳಲು ಮನುಷ್ಯನಿಗೆ ಸುಮಾರು 600 ಮಿಲಿಸೆಕೆಂಡ್ ಬೇಕಾಗುತ್ತದೆ. ಹಾಗಾದರೆ 200 ಮಿಲಿಸೆಕೆಂಡಿನಲ್ಲಿ ಪೂರ್ತಿ ಉತ್ತರವೊಂದು ಹೊರಡುವುದು ಹೇಗೆ? ಎದುರಿನವರ ಮಾತು ಇನ್ನೂ ನಡೆಯುತ್ತಿರುವಾಗಲೇ ಅದು ಎಲ್ಲಿ ಮುಗಿಯುತ್ತದೆ ಎಂದು ಕೇಳುವವರು ಅಂದಾಜು ಮಾಡಿ, ತಮ್ಮ ಉತ್ತರವನ್ನು ಆಗಲೇ ಕಟ್ಟಲು ತೊಡಗಿರುತ್ತಾರೆ. ನೀವು, ನಾನು, ನಮ್ಮ ಮನೆಯ ನಾಲ್ಕು ವರ್ಷದ ಮಗು, ಎಲ್ಲರೂ ದಿನವಿಡೀ ಮಾಡುವ ಕೆಲಸ ಇದು. ಇಷ್ಟು ನಾಜೂಕಾದ ಕೆಲಸವನ್ನು ನಾವು ಯಾರೂ ಗಮನಿಸುವುದೇ ಇಲ್ಲವಲ್ಲ ಎಂಬುದು ನನಗೆ ಇಂದಿಗೂ ಬೆರಗು.

ಇದನ್ನು ಮೊದಲು ಕೂಲಂಕಷವಾಗಿ ಗಮನಿಸಿದವರು ಹಾರ್ವೆ ಸ್ಯಾಕ್ಸ್, ಇಮ್ಯಾನ್ಯುಯೆಲ್ ಶೆಗ್ಲಾಫ್ ಮತ್ತು ಗೇಲ್ ಜೆಫರ್ಸನ್ ಎಂಬ ಮೂವರು ಅಮೆರಿಕದ ವಿದ್ವಾಂಸರು. ಆತ್ಮಹತ್ಯೆಯ ಯೋಚನೆಯಲ್ಲಿರುವವರಿಗೆ ನೆರವಾಗಲು ಲಾಸ್ ಏಂಜಲೀಸ್ ನಗರದಲ್ಲಿದ್ದ ಕೇಂದ್ರವೊಂದಕ್ಕೆ ಬರುತ್ತಿದ್ದ ದೂರವಾಣಿ ಕರೆಗಳನ್ನು 1960ರ ದಶಕದಲ್ಲಿ ಸ್ಯಾಕ್ಸ್ ಕೇಳುತ್ತಾ ಕುಳಿತರು. ಕೇಂದ್ರದವರು ಮೊದಲು ತಮ್ಮ ಹೆಸರು ಹೇಳಿಕೊಂಡರೆ, ಕರೆ ಮಾಡಿದವರು ಸಾಮಾನ್ಯವಾಗಿ ತಾವೂ ಹೆಸರು ಹೇಳುತ್ತಿದ್ದರು. ಹೆಸರು ಹೇಳಲು ಮನಸ್ಸಿಲ್ಲದ ಒಬ್ಬಾತ ಮಾತ್ರ, ತನಗೆ ಸರಿಯಾಗಿ ಕೇಳಿಸುತ್ತಿಲ್ಲ ಎಂದು ಹೇಳಿ ಆ ಜಾಗವನ್ನು ದಾಟಿಕೊಂಡು ಮುಂದೆ ಹೋದ. ಒಬ್ಬರ ಮಾತು ಇನ್ನೊಬ್ಬರ ಮಾತಿಗೆ ಜಾಗ ಮಾಡಿಕೊಡುತ್ತದೆ, ಆ ಜಾಗ ಎಂಥದ್ದು ಎಂಬುದನ್ನು ಮೊದಲು ಮಾತಾಡಿದವರೇ ಗೊತ್ತುಮಾಡುತ್ತಾರೆ ಎಂಬುದು ಸ್ಯಾಕ್ಸ್ ಅವರಿಗೆ ಅಲ್ಲಿ ಹೊಳೆಯಿತು. ಗೇಲ್ ಜೆಫರ್ಸನ್ ಅವರಂತೂ ಧ್ವನಿಮುದ್ರಣದಲ್ಲಿ ಕೇಳಿಬರುವ ಪ್ರತಿಯೊಂದು ಉಸಿರನ್ನು, ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬಿದ್ದ ಪ್ರತಿಯೊಂದು ಅಕ್ಷರವನ್ನು ಕಾಗದದ ಮೇಲೆ ಗುರುತಿಸುವ ಪದ್ಧತಿಯನ್ನೇ ರೂಪಿಸಿದರು.

ಈ ಮೂವರು 1974ರಲ್ಲಿ ಪ್ರಕಟಿಸಿದ ಪ್ರಬಂಧದ ತಿರುಳು ಬಹಳ ಸರಳ. ಈಗ ಮಾತಾಡುತ್ತಿರುವವರು ಮುಂದೆ ಯಾರು ಮಾತಾಡಬೇಕೆಂದು ತಾವೇ ಆರಿಸಬಹುದು: ಹೆಸರು ಹಿಡಿದು ಕರೆದೋ, ಪ್ರಶ್ನೆ ಕೇಳಿಯೋ, ಮುಖ ನೋಡಿಯೋ. ಅವರು ಯಾರನ್ನೂ ಆರಿಸದಿದ್ದರೆ ಮೊದಲು ಬಾಯಿ ತೆರೆದವರಿಗೆ ಸರದಿ ಸಿಗುತ್ತದೆ. ಯಾರೂ ಬಾಯಿ ತೆರೆಯದಿದ್ದರೆ ಮಾತಾಡುತ್ತಿದ್ದವರೇ ಮುಂದುವರಿಸಬಹುದು. ಈ ಕ್ರಮವನ್ನು ಒಮ್ಮೆ ಯೋಚಿಸಿ ನೋಡಿ. ಎಲ್ಲಕ್ಕಿಂತ ಮೊದಲು ಬರುವ ಹಕ್ಕು ಸರದಿಯನ್ನು ಕೊಡುವವರದು. ಹಾರಿ ಹಿಡಿಯುವವರಿಗೆ ಎರಡನೆಯ ಸ್ಥಾನ. ನಾನು ಈ ಹೊತ್ತು ಹೇಳಬೇಕೆಂದು ಬಂದಿರುವುದು ಇದೊಂದನ್ನೇ: ಮಾತುಕತೆಯ ಹಿಡಿತ ಇರುವುದು ಸರದಿಯನ್ನು ಕೊಡುವವರ ಕೈಯಲ್ಲಿ. ಜೋರಾಗಿ, ಹೆಚ್ಚು ಹೊತ್ತು, ನಡುವೆ ಬಾಯಿ ಹಾಕಿ ಮಾತಾಡಿದವರು ಮಾತನ್ನು ಗೆದ್ದರು ಎಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ಆ ನಂಬಿಕೆ ತಪ್ಪು.

ನಮ್ಮ ಕನ್ನಡ ಭಾಷೆಯೇ ಸರದಿಯನ್ನು ಹಿಡಿದುಕೊಳ್ಳಲು ಮತ್ತು ಬಿಟ್ಟುಕೊಡಲು ಬೇಕಾದ ಸಲಕರಣೆಯನ್ನು ನಮ್ಮ ಬಾಯಲ್ಲಿ ಇಟ್ಟಿದೆ. ‘ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಪೇಟೆಗೆ ಹೋಗಿ, ಅಂಗಡಿಯವರನ್ನು ಕಂಡು’ ಎಂದು ಒಬ್ಬರು ಹೇಳುತ್ತಿರುವಾಗ ನೀವು ನಡುವೆ ಮಾತಾಡುವುದಿಲ್ಲ. ಎದ್ದು, ಮಾಡಿ, ಹೋಗಿ, ಕಂಡು ಎಂಬ ಒಂದೊಂದು ರೂಪವೂ ಇನ್ನೂ ಇದೆ, ಕೇಳಿ ಎಂದು ನಿಮ್ಮನ್ನು ನಿಲ್ಲಿಸಿಕೊಂಡಿರುತ್ತದೆ. ‘ಬಂದೆ’ ಎಂಬ ಪೂರ್ಣ ಕ್ರಿಯಾಪದ ಬಿದ್ದ ಕೂಡಲೇ ಬಾಗಿಲು ತೆರೆಯುತ್ತದೆ, ನೀವು ಒಳಗೆ ಬರುತ್ತೀರಿ. ಹರಟೆಯಲ್ಲಿ ಪಳಗಿದ ಹಿರಿಯರು ಪೂರ್ಣ ಕ್ರಿಯಾಪದದ ಬೆನ್ನಿಗೇ ‘ಆಮೇಲೆ’ ಎಂದು ಜೋಡಿಸಿ ಬಾಗಿಲನ್ನು ಮತ್ತೆ ಮುಚ್ಚಿಬಿಡುತ್ತಾರೆ. ‘ಅಲ್ಲವೇ?’ ಎಂದು ಅಂತ್ಯದಲ್ಲಿ ಸೇರಿಸಿದರೆ ಸರದಿಯನ್ನು ನಿಮ್ಮ ಕೈಗೆ ಇಟ್ಟಂತೆ. ಇನ್ನು, ಕಥೆ ಹೇಳುವ ಅಜ್ಜಿ, ಕೇಳುವ ಮಕ್ಕಳು ಹೂಂಗುಟ್ಟಲೇಬೇಕೆಂದು ಹಟ ಹಿಡಿಯುತ್ತಿದ್ದುದನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಆ ‘ಹೂಂ’ ಎಂದರೆ, ನನ್ನ ಸರದಿ ನನಗೆ ಈಗ ಬೇಡ, ನೀನೇ ಇಟ್ಟುಕೋ ಎಂದು ಕೇಳುವವರು ಕ್ಷಣಕ್ಷಣಕ್ಕೂ ಕೊಡುವ ಅಪ್ಪಣೆ. ಹೂಂಗುಟ್ಟುವುದು ನಿಂತರೆ ಕಥೆಯೂ ನಿಲ್ಲುತ್ತದೆ. ಅಲ್ಲಿಯೂ ಹಿಡಿತ ಕೊಡುವವರ ಕೈಯಲ್ಲಿಯೇ.

ಸರದಿ ಕೊಡುವುದನ್ನು ಒಂದು ಕಲೆಯಾಗಿ ಬೆಳೆಸಿದ ನಾಡು ನಮ್ಮದು. ಕರಾವಳಿ, ಮಲೆನಾಡು, ಕಾಸರಗೋಡು ಕಡೆಯ ಕೇಳುಗರಿಗೆ ತಾಳಮದ್ದಳೆಯನ್ನು ನಾನು ಪರಿಚಯಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ಇದು ವೇಷವಿಲ್ಲದ, ಕುಣಿತವಿಲ್ಲದ, ಕುಳಿತು ನಡೆಸುವ ಯಕ್ಷಗಾನ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ, ಚೆಂಡೆ ಮದ್ದಳೆಗಳು ಜೊತೆಗೂಡುತ್ತವೆ, ಆ ಪದ್ಯದ ಆಧಾರದ ಮೇಲೆ ಎದುರುಬದುರಾಗಿ ಕುಳಿತ ಅರ್ಥಧಾರಿಗಳು ಪಾತ್ರವಾಗಿ ಮಾತಾಡುತ್ತಾರೆ. ಪದ್ಯ ಬರೆದಿಟ್ಟದ್ದು, ಮಾತು ಮಾತ್ರ ಅಲ್ಲಿಯೇ, ಆ ಕ್ಷಣದಲ್ಲಿ, ಎದುರಿನವರು ಏನು ಹೇಳಿದರು ಎಂಬುದನ್ನು ಕೇಳಿಕೊಂಡು ಹುಟ್ಟಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರು, ಮಲ್ಪೆ ಶಂಕರನಾರಾಯಣ ಸಾಮಗರು ಅರ್ಥ ಹೇಳುತ್ತಿದ್ದ ಕಾಲದಲ್ಲಿ ಜನ ರಾತ್ರಿಯಿಡೀ ಕುಳಿತು ಕೇಳಿದ್ದು ಈ ಬರೆದಿಡದ ಮಾತನ್ನು.

ಕೆಲವು ವರ್ಷಗಳ ಹಿಂದೆ ಆಟಿ ತಿಂಗಳ ಒಂದು ಮಳೆಯ ರಾತ್ರಿ, ಪುತ್ತೂರು ಕಡೆಯ ಒಂದು ಮನೆಯ ಚಾವಡಿಯಲ್ಲಿ ‘ವಾಲಿವಧೆ’ ನಡೆಯಿತು. ವಾಲಿ ಒಬ್ಬ ಹಿರಿಯ ಅರ್ಥಧಾರಿ. ರಾಮ ಆಗಷ್ಟೇ ಹೆಸರು ಮಾಡುತ್ತಿದ್ದ ತರುಣ. ಬಾಣ ತಾಗಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ ಎಂದು ರಾಮನನ್ನು ಕೇಳುವ ಭಾಗ ಅದು. ತಾಳಮದ್ದಳೆಯ ಪ್ರೇಕ್ಷಕರು ಇಡೀ ರಾತ್ರಿ ಕಾದು ಕುಳಿತಿರುವುದೇ ಈ ಸಂವಾದಕ್ಕೆ.

ತರುಣ ಬಹಳ ಓದಿಕೊಂಡು ಬಂದಿದ್ದ. ವಾಲಿ ಮೊದಲ ಆಕ್ಷೇಪವನ್ನು ಅರ್ಧ ಹೇಳುವಷ್ಟರಲ್ಲಿ ರಾಮ ಉತ್ತರಿಸತೊಡಗಿದ. ತಮ್ಮನ ಹೆಂಡತಿ ರುಮೆಯನ್ನು ನೀನು ಇರಿಸಿಕೊಂಡದ್ದು ಅಧರ್ಮ. ನೀನು ಶಾಖಾಮೃಗ, ಮೃಗವನ್ನು ಮರೆಯಿಂದ ಬೇಟೆಯಾಡುವುದು ಕ್ಷತ್ರಿಯನಿಗೆ ಸಲ್ಲುತ್ತದೆ. ಈ ಭೂಮಿ ಇಕ್ಷ್ವಾಕುಗಳದು, ಭರತನ ಆಜ್ಞೆಯಂತೆ ದುಷ್ಟರನ್ನು ದಂಡಿಸಲು ನಾನು ಬಂದಿದ್ದೇನೆ. ಸುಗ್ರೀವನಿಗೆ ಕೊಟ್ಟ ಮಾತನ್ನು ನಡೆಸಬೇಕಾಗಿತ್ತು. ಹೀಗೆ ಒಂದರ ಮೇಲೊಂದು, ವಾಲಿ ಇನ್ನೂ ಕೇಳದಿದ್ದ ಪ್ರಶ್ನೆಗಳಿಗೂ ಸೇರಿಸಿ, ಉತ್ತರಗಳೆಲ್ಲವೂ ಬಂದವು. ಹಿರಿಯರು ಎರಡು ಸಲ ಬಾಯಿ ತೆರೆದು, ಎರಡು ಸಲವೂ ಸುಮ್ಮನಾದರು. ತರುಣನ ಮಾತು ಶುದ್ಧವಾಗಿತ್ತು, ಶ್ಲೋಕಗಳು ತಪ್ಪಿಲ್ಲದೆ ಬಂದವು, ಸ್ವರ ಏರುತ್ತಲೇ ಇತ್ತು. ಆದರೆ ಚಾವಡಿಯಲ್ಲಿ ಕುಳಿತವರು ಪಕ್ಕದವರ ಹತ್ತಿರ ವೀಳ್ಯದ ಹರಿವಾಣ ಕೇಳತೊಡಗಿದ್ದರು. ಕೊನೆಗೆ ಹೇಳಲು ಏನೂ ಉಳಿಯದೆ ರಾಮ ನಿಂತ.

ಭಾಗವತರಿಗೆ ಇಂಥ ಹೊತ್ತಿನಲ್ಲಿ ಒಂದು ಅಧಿಕಾರವಿದೆ. ಸಂವಾದ ಸೊರಗಿತು ಎಂದು ಅನ್ನಿಸಿದರೆ ಅವರು ಮುಂದಿನ ಪದ್ಯವನ್ನು ಎತ್ತಿಕೊಳ್ಳಬಹುದು. ತಾಳದ ಸದ್ದು ಕೇಳಿದ ಮೇಲೆ ಎಂಥ ದೊಡ್ಡ ಅರ್ಥಧಾರಿಯೂ ಸುಮ್ಮನಾಗಲೇಬೇಕು. ಆ ರಾತ್ರಿ ಭಾಗವತರ ಕೈ ತಾಳವನ್ನು ಎತ್ತಿತ್ತು. ಹಿರಿಯರು ತೊಡೆಯ ಮೇಲಿದ್ದ ಅಂಗೈಯನ್ನು ಅವರ ಕಡೆಗೆ ಸ್ವಲ್ಪವೇ ತಿರುಗಿಸಿದರು. ತಾಳ ಇಳಿಯಿತು.

ಆಗ ವಾಲಿ ಬಹಳ ತಗ್ಗಿದ ಸ್ವರದಲ್ಲಿ ಹೇಳಿದ್ದು ಇಷ್ಟು: ‘ರಾಘವಾ, ಭರತನ ಆಜ್ಞೆ ಎಂದೆ. ತಮ್ಮನನ್ನು ಊರು ಬಿಡಿಸಿದ ಅಣ್ಣ ನಾನು. ತಮ್ಮನಿಗೆ ಊರು ಬಿಟ್ಟುಕೊಟ್ಟ ಅಣ್ಣ ನೀನು. ಆ ಭರತ ನಿನ್ನನ್ನು ಕರೆಯಲು ಕಾಡಿಗೆ ಬಂದಿದ್ದನಂತೆ. ಅವನು ಹಿಂದಿರುಗುವಾಗ ಏನು ಹೇಳಿ ಕಳುಹಿಸಿದೆ?’

ಪ್ರಶ್ನೆ ಕೇಳಿ ಹಿರಿಯರು ಗೋಡೆಗೆ ಒರಗಿದರು. ತರುಣ ಕೂಡಲೇ ಉತ್ತರಿಸಲಿಲ್ಲ, ಏಕೆಂದರೆ ಇದಕ್ಕೆ ಅವನು ಸಿದ್ಧಮಾಡಿಕೊಂಡು ಬಂದ ಉತ್ತರ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ನಿಧಾನವಾಗಿ, ಚಿತ್ರಕೂಟದ ಮಾತು ಬಂತು. ಪಾದುಕೆಗಳನ್ನು ತಲೆಯ ಮೇಲೆ ಹೊತ್ತು ಭರತ ನಡೆದುಹೋದದ್ದು ಬಂತು. ಅವನು ಕಣ್ಮರೆಯಾಗುವವರೆಗೂ ತಾನು ನೋಡುತ್ತ ನಿಂತದ್ದನ್ನು ರಾಮ ಹೇಳಿದ. ಅರ್ಧ ಗಂಟೆ ಒಬ್ಬರೂ ಅಲುಗಾಡಲಿಲ್ಲ. ಅದು ಮುಗಿದಾಗ ವಾಲಿ, ಅಂಥ ಅಣ್ಣ ನೀನಾದರೆ ನನ್ನ ಮಗ ಅಂಗದನನ್ನು ನಿನ್ನ ಕೈಗೆ ಒಪ್ಪಿಸಲು ನನಗೆ ಅಂಜಿಕೆಯಿಲ್ಲ ಎಂದರು. ಪ್ರಸಂಗ ಮುಂದೆ ಸಾಗಬೇಕಾದದ್ದೂ ಅಲ್ಲಿಗೇ. ಭಾಗವತರು ಪದ್ಯ ಎತ್ತಿಕೊಂಡರು.

ಲೆಕ್ಕ ಹಾಕಿದರೆ ಆ ಭಾಗದಲ್ಲಿ ರಾಮನೇ ಹೆಚ್ಚು ಮಾತಾಡಿದ್ದು. ಸಂವಾದವನ್ನು ನಡೆಸಿದವರು ಯಾರು ಎಂದು ಆ ಚಾವಡಿಯಲ್ಲಿದ್ದ ಯಾರನ್ನು ಕೇಳಿದರೂ ವಾಲಿ ಎನ್ನುತ್ತಿದ್ದರು. ತರುಣನನ್ನು ಒಂದೇ ಪ್ರಶ್ನೆಯಲ್ಲಿ ಮಣಿಸುವ ಶಕ್ತಿ ಆ ಹಿರಿಯರಿಗಿತ್ತು, ಅದನ್ನು ಅವರು ಬಳಸಲಿಲ್ಲ. ಎದುರಿನವನು ಚೆನ್ನಾಗಿ ಮಾತಾಡುವಂತೆ ಸರದಿ ಕೊಟ್ಟರು. ಹಿಡಿತ ಕೊಡುವವರ ಕೈಯಲ್ಲಿದೆ ಎಂದು ನಾನು ಹೇಳುತ್ತಿರುವುದು ಇದನ್ನೇ.

ಈ ಪ್ರಸಂಗವನ್ನು ಹೇಳತೊಡಗಿದರೆ ನನಗೆ ಸಮಯದ ಪರಿವೆ ಇರುವುದಿಲ್ಲ. ಉಳಿದ ಎರಡು ಮೂರು ಸಂಗತಿಗಳನ್ನು ಬೇಗ ಹೇಳಿಬಿಡುತ್ತೇನೆ.

ವೈದ್ಯ ಮಿತ್ರರು ಕೇಳುತ್ತಿದ್ದರೆ ದಯವಿಟ್ಟು ಗಮನಿಸಬೇಕು. 1984ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವೈದ್ಯರು ರೋಗಿಯ ಮೊದಲ ಮಾತನ್ನು ಸರಾಸರಿ 18 ಸೆಕೆಂಡಿನಲ್ಲಿ ತಡೆದಿದ್ದರು. ಬಿಟ್ಟರೆ ರೋಗಿಗಳು ಗಂಟೆಗಟ್ಟಲೆ ಹೇಳುತ್ತಾರೆ ಎಂಬುದು ಅನೇಕ ವೈದ್ಯರ ಅಂಜಿಕೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಆಸ್ಪತ್ರೆಯೊಂದರಲ್ಲಿ ತಡೆಯದೆ ಬಿಟ್ಟು ನೋಡಿದರು. 335 ರೋಗಿಗಳ ಮಾತು ತಾನಾಗಿ ಮುಗಿಯಲು ಹಿಡಿದ ಸಮಯ ಸರಾಸರಿ 92 ಸೆಕೆಂಡ್. ನೂರಕ್ಕೆ 78 ಮಂದಿ ಎರಡು ನಿಮಿಷದ ಒಳಗೇ ಮುಗಿಸಿದ್ದರು. ಎರಡು ನಿಮಿಷ ಕೊಡಲಾಗದೆ, ಹೊಟ್ಟೆನೋವು ಎಂದು ಬಂದವರ ಎದೆನೋವಿನ ಮಾತು ಬಾಗಿಲ ಹತ್ತಿರ ಹೋದ ಮೇಲೆ ಹೊರಬರುವಂತೆ ಮಾಡುವುದು ಯಾರಿಗೆ ಒಳ್ಳೆಯದು?

ಶಿಕ್ಷಕರಿಗೂ ಇದೇ ಮಾತು. ಪ್ರಶ್ನೆ ಕೇಳಿದ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡು ಕಾಯುತ್ತಾರೆ, ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿದ್ದ ಮಕ್ಕಳೂ ಮಾತಾಡುತ್ತಾರೆ ಎಂದು ಮೇರಿ ಬಡ್ ರೋ ಎಂಬ ಶಿಕ್ಷಣತಜ್ಞೆ 1970ರ ದಶಕದಲ್ಲಿಯೇ ತೋರಿಸಿಕೊಟ್ಟರು. ಟಿ.ವಿ. ಚರ್ಚೆಗಳ ವಿಷಯ ನಾನು ಎತ್ತುವುದಿಲ್ಲ. ಆರು ಜನ ಒಟ್ಟಿಗೆ ಕೂಗುವಾಗ ಅಲ್ಲಿ ಸರದಿಯೂ ಇಲ್ಲ, ಸಂಭಾಷಣೆಯೂ ಇಲ್ಲ.

ಕೊನೆಯದಾಗಿ ನಮ್ಮ ಗ್ರಾಮಸಭೆ. ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಆದರೂ ಪ್ರಶ್ನೆಯನ್ನು ಅಧ್ಯಕ್ಷೆಗೆ ಕೇಳಿದರೆ ಪಕ್ಕದಲ್ಲಿ ಕುಳಿತ ಅವರ ಯಜಮಾನರು ಉತ್ತರಿಸುವುದನ್ನು ನಾವು ಕಾಣುತ್ತಲೇ ಇದ್ದೇವೆ. ಆ ಯಜಮಾನರನ್ನು ಬೈದು ಪ್ರಯೋಜನವಿಲ್ಲ. ಸರದಿ ಕೊಡುವವರು ಪ್ರಶ್ನೆ ಕೇಳಿದ ನೀವು. ಅಧ್ಯಕ್ಷೆಯ ಮುಖ ನೋಡಿ, ಅವರ ಹೆಸರು ಹಿಡಿದು, ‘ಅಧ್ಯಕ್ಷರೇ, ನಮ್ಮ ಕೇರಿಯ ನೀರಿನ ಬಗ್ಗೆ ತಾವು ಹೇಳಬೇಕು’ ಎಂದು ಇನ್ನೊಮ್ಮೆ ಕೇಳಿ. ಕೇಳಿ ಮೂರು ಸೆಕೆಂಡು ಕಾಯಿರಿ. ಅವರೂ ತಮ್ಮ ಸರದಿ ಬಂದಾಗ ಹಿಂದಿನ ಸಾಲಿನಲ್ಲಿ ಕುಳಿತ ಹೆಂಗಸರನ್ನು ಹೆಸರು ಹಿಡಿದು ಕರೆದು ಕೇಳಲಿ.

ನಮಸ್ಕಾರ.