ನೀರಿನ ದಾರಿ, ಗಣಕದ ಲೆಕ್ಕ

ಕೇಳುಗರೇ, ನಮಸ್ಕಾರ.

2022ರ ಸೆಪ್ಟೆಂಬರ್ ಮೊದಲ ವಾರದ ಮಳೆ ನಿಮಗೆ ನೆನಪಿರಬಹುದು. ಬೆಂಗಳೂರಿನ ಹೊರವರ್ತುಲ ರಸ್ತೆ ಹೊಳೆಯಾಯಿತು. ತಂತ್ರಾಂಶ ಕಂಪನಿಗಳ ನೌಕರರು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದರು. ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಕಾಡುತ್ತಿದೆ. ಇಷ್ಟೊಂದು ಗಣಕ ತಜ್ಞರಿರುವ ಊರಿನಲ್ಲಿ, ಬಡಾವಣೆಗೆ ನಕ್ಷೆ ಹಾಕುವ ಮುನ್ನ ಅವರ ಲೆಕ್ಕವನ್ನು ನಾವೇಕೆ ಕೇಳುವುದಿಲ್ಲ?

ಮಳೆನೀರು ಯಾವ ದಾರಿ ಹಿಡಿಯುತ್ತದೆ ಎಂಬ ಆ ಲೆಕ್ಕ ಬಲು ಸರಳ. ನೆಲದ ಏರುತಗ್ಗಿನ ನಕ್ಷೆಯನ್ನು ಗಣಕವು ಸಣ್ಣ ಚೌಕಗಳಾಗಿ ವಿಂಗಡಿಸುತ್ತದೆ. ಪ್ರತಿ ಚೌಕದ ಸುತ್ತ ಎಂಟು ನೆರೆಯ ಚೌಕಗಳು. ಆ ಎಂಟರಲ್ಲಿ ಇಳಿಜಾರು ಯಾವ ಕಡೆಗೆ ಹೆಚ್ಚೋ ಅತ್ತ ನೀರನ್ನು ದಾಟಿಸಬೇಕು, ಅಷ್ಟೇ. 1984ರಲ್ಲಿ ಪ್ರಕಟವಾದ ಈ ವಿಧಾನ ಇಂದಿಗೂ ಬಳಕೆಯಲ್ಲಿದೆ. ಲಕ್ಷಾಂತರ ಚೌಕಗಳಿಗೆ ಇದನ್ನೇ ಮಾಡಿದಾಗ ತೆರೆಯ ಮೇಲೆ ಗೆರೆಗಳು ಕವಲೊಡೆದು ಮೂಡುತ್ತವೆ. ಕೆರೆಯಿಂದ ಕೆರೆಗೆ ನೀರು ಹರಿಸಿದ ನಮ್ಮ ನೀರುಗಂಟಿಗಳು ಕಾಲ್ನಡಿಗೆಯಲ್ಲೇ ಅರಿತಿದ್ದ ದಾರಿಗಳು ಅವು. ಮೆಜೆಸ್ಟಿಕ್ ಬಸ್ ನಿಲ್ದಾಣವಿರುವಲ್ಲಿ ಧರ್ಮಾಂಬುಧಿ ಕೆರೆಯಿತ್ತು, ಕಂಠೀರವ ಕ್ರೀಡಾಂಗಣವಿರುವಲ್ಲಿ ಸಂಪಂಗಿ ಕೆರೆಯಿತ್ತು. ಅಲ್ಲಿನ ತಗ್ಗು ಇನ್ನೂ ತಗ್ಗೇ.

ಆದರೆ ಗಣಕಕ್ಕೂ ಒಂದು ಕುರುಡುತನವಿದೆ. ಅದಕ್ಕೆ ನೆಲದ ನಕ್ಷೆ ಕೊಡುವ ಉಪಗ್ರಹ ಮೇಲಿನಿಂದ ನೋಡುತ್ತದೆ. ರಸ್ತೆಯ ಅಡಿಯ ಮೋರಿ ಅದಕ್ಕೆ ಕಾಣುವುದಿಲ್ಲ. ಏರಿಸಿ ಕಟ್ಟಿದ ರಸ್ತೆಯನ್ನು ಗಣಕ ಅಣೆಕಟ್ಟೆಂದೇ ಬಗೆಯುತ್ತದೆ. ಅಲ್ಲಿ ಮೋರಿಯಿದೆ, ಇಷ್ಟು ಅಗಲವಿದೆ, ಅರ್ಧ ಹೂಳು ತುಂಬಿದೆ ಎಂದು ಬೀದಿಯಲ್ಲಿ ನಡೆದು ನೋಡಿದವರೇ ಅದಕ್ಕೆ ಹೇಳಿಕೊಡಬೇಕು. ಗಣಕಶಾಸ್ತ್ರ ಕಲಿಯುವವರು ನಗರ ಯೋಜನೆಯನ್ನೂ ಕಲಿಯಲಿ ಎಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಕೆಲಸ ಆರಂಭವಾಗಿದೆ ಎನ್ನುವುದು ಸಂತೋಷದ ಮಾತು. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಸೇರಿ ರೂಪಿಸಿದ ‘ಮೇಘಸಂದೇಶ’ ಆ್ಯಪ್ ಬೆಂಗಳೂರಿನ ಮಳೆ ಮತ್ತು ನೆರೆಯ ಮಾಹಿತಿಯನ್ನು ಮೊಬೈಲಿಗೆ ತರುತ್ತದೆ. ಅದು ಇಂದಿನ ಮಳೆಯ ಮಾತು. ನನಗೆ ಬೇಕಿರುವುದು ನಾಳಿನ ಬಡಾವಣೆಯ ಮಾತು. ಹೊಸ ಬಡಾವಣೆಯ ನಕ್ಷೆ ಅನುಮೋದನೆಗೆ ಬಂದಾಗ, ಅದರ ಮೇಲೆ ಮೊದಲು ಗಣಕದಲ್ಲಿ ಒಂದು ಜೋರು ಮಳೆ ಸುರಿಸಿ ನೋಡಬೇಕು. ಮಣ್ಣು ಹೀರುತ್ತಿದ್ದ ನೀರನ್ನು ಕಾಂಕ್ರೀಟು ಹೀರುವುದಿಲ್ಲ. ಆ ಹೆಚ್ಚಿನ ನೀರು ಕೆಳಗಿನ ಯಾರ ಮನೆಗೆ ನುಗ್ಗುತ್ತದೆ ಎಂಬುದನ್ನು ಆ ಮನೆಯವರ ಮುಂದೆಯೇ ತೆರೆಯ ಮೇಲೆ ತೋರಿಸಬೇಕು. ಸಹಿ ಬೀಳುವುದು ಆಮೇಲೆ.

ನಮಸ್ಕಾರ.