ಹೇಸರಗತ್ತೆಗಾಗಿ ಕಟ್ಟಿದ ದಾರಿ: ಅಮೊರ್ಗೊಸ್ ದ್ವೀಪದಲ್ಲಿ ಒಂದು ಹಗಲಿನ ನಡಿಗೆ

ಸ್ನೇಹಿತರೇ, ನಮಸ್ಕಾರ.

ಗ್ರೀಸ್‌ನ ದ್ವೀಪ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಬಿಳಿ ಗೋಡೆ, ನೀಲಿ ಗುಮ್ಮಟ, ಸಂಜೆಯ ಕೆಂಪು ಸೂರ್ಯ. ಕ್ಯಾಲೆಂಡರಿನ ಆ ಚಿತ್ರ ಸಾಂತೊರಿನಿಯದು. ನನ್ನ ಇವತ್ತಿನ ಮಾತು ಸಾಂತೊರಿನಿಯ ಈಶಾನ್ಯಕ್ಕಿರುವ ಅಮೊರ್ಗೊಸ್ ದ್ವೀಪದ್ದು. ಅದರಲ್ಲೂ ಆ ದ್ವೀಪದ ಒಂದೇ ಒಂದು ಕಾಲುದಾರಿಯದು.

ಅಮೊರ್ಗೊಸ್ ಏಜಿಯನ್ ಸಮುದ್ರದ ಸಿಕ್ಲಡೀಸ್ ದ್ವೀಪಸಮೂಹದ ಪೂರ್ವದ ಅಂಚಿನಲ್ಲಿದೆ. ವಿಸ್ತೀರ್ಣ ಸುಮಾರು 121 ಚದರ ಕಿಲೋಮೀಟರ್, ಜನ ಎರಡು ಸಾವಿರದೊಳಗೆ. ನೈಋತ್ಯದಿಂದ ಈಶಾನ್ಯಕ್ಕೆ ಮೂವತ್ತು ಕಿಲೋಮೀಟರಿಗಿಂತ ಉದ್ದಕ್ಕೆ ಚಾಚಿಕೊಂಡ ಕಿರಿದಾದ ಬೆಟ್ಟದ ಸಾಲು ಅದು. ಅಥೆನ್ಸ್‌ನ ಬಂದರು ಪಿರೇಯಸ್‌ನಿಂದ ದೊಡ್ಡ ಹಡಗು ಬರುತ್ತದೆ, ಹತ್ತಿರದ ನಾಕ್ಸೊಸ್‌ನಿಂದ ಸಣ್ಣ ಹಡಗೂ ಉಂಟು. ಸಮುದ್ರ ಕೆರಳಿದ ದಿನ ಸಣ್ಣ ಹಡಗು ಹತ್ತಬೇಡಿ, ಹತ್ತಿದರೂ ಊಟ ಮಾಡಿ ಹತ್ತಬೇಡಿ. ದ್ವೀಪಕ್ಕೆ ಎರಡು ಬಂದರು: ಪಶ್ಚಿಮದ ಕಡೆ ಕತಾಪೊಲಾ, ಈಶಾನ್ಯದಲ್ಲಿ ಎಗಿಯಾಲಿ. ಮುಖ್ಯ ಊರು ಖೋರಾ ಮಾತ್ರ ಸಮುದ್ರದಿಂದ ಮೇಲೆ, ಬೆಟ್ಟದ ಮಡಿಲಲ್ಲಿದೆ. ಕಡಲ್ಗಳ್ಳರ ಕಾಟ ಇದ್ದ ಕಾಲದಲ್ಲಿ ಯಾರೂ ದಂಡೆಯಲ್ಲಿ ಮನೆ ಕಟ್ಟುವ ಧೈರ್ಯ ಮಾಡುತ್ತಿರಲಿಲ್ಲ. ಸಮುದ್ರದಲ್ಲಿ ಹೋಗುವವನ ಕಣ್ಣಿಗೆ ಊರು ಬೀಳಬಾರದು, ಊರಿನವನ ಕಣ್ಣಿಗೆ ಮಾತ್ರ ಹಡಗು ಬೀಳಬೇಕು. ಸಿಕ್ಲಡೀಸ್‌ನ ಬಹಳಷ್ಟು ಹಳೆಯ ಊರುಗಳು ಹೀಗೇ ಕೂತಿವೆ.

ಖೋರಾದಿಂದ ಎಗಿಯಾಲಿಗೆ ಬೆಟ್ಟದ ಸಾಲಿನುದ್ದಕ್ಕೂ ಹೋಗುವ ದಾರಿಯ ಹೆಸರು ಪಲಿಯಾ ಸ್ತ್ರಾತಾ, ಅಂದರೆ ಹಳೇ ದಾರಿ. ಸುಮಾರು ಹದಿನೈದು ಕಿಲೋಮೀಟರ್. ಸುಧಾರಿಸಿಕೊಳ್ಳುತ್ತ ನಡೆದರೆ ಐದು ಗಂಟೆ ಬೇಕು, ನೋಡುತ್ತ ನಡೆದರೆ ಹಗಲೆಲ್ಲ ಬೇಕು. ಪ್ರವಾಸದ ಕೈಪಿಡಿಗಳು ಇದನ್ನು ರಮಣೀಯ ದಾರಿ ಎನ್ನುತ್ತವೆ. ರಮಣೀಯ ಹೌದು. ಆದರೆ ಕಟ್ಟಿದವರು ನೋಟಕ್ಕಾಗಿ ಕಟ್ಟಿದ್ದಲ್ಲ, ಹೊರೆ ಹೊತ್ತ ಹೇಸರಗತ್ತೆಗಾಗಿ ಕಟ್ಟಿದ್ದು. ಇದೊಂದನ್ನು ತಲೆಯಲ್ಲಿಟ್ಟುಕೊಂಡು ನಡೆದರೆ ದಾರಿಯ ಪ್ರತಿ ತಿರುವಿಗೂ ಕಾರಣ ಕಾಣಿಸುತ್ತದೆ.

ಗ್ರೀಸ್‌ನಲ್ಲಿ ಕಲ್ಲು ಹಾಸಿದ ಇಂಥ ದಾರಿಗೆ ಕಲ್ದೆರಿಮಿ ಎನ್ನುತ್ತಾರೆ. ಅದರ ಮೆಟ್ಟಿಲು ನಮ್ಮ ಬೆಟ್ಟದ ದೇವಸ್ಥಾನಗಳ ಮೆಟ್ಟಿಲಿನ ಹಾಗಿಲ್ಲ. ಎತ್ತರ ಒಂದು ಗೇಣೂ ಇರುವುದಿಲ್ಲ, ಅಗಲ ಮಾತ್ರ ಒಂದೂವರೆ ಎರಡು ಹೆಜ್ಜೆಯಷ್ಟು. ಮನುಷ್ಯನ ನಡಿಗೆಗೆ ಇದು ಹೊಂದುವುದೇ ಇಲ್ಲ. ಪ್ರತಿ ಮೆಟ್ಟಿಲಿಗೂ ಅದೇ ಕಾಲು ಮುಂದಾಗುತ್ತದೆ, ಸ್ವಲ್ಪ ಹೊತ್ತಿಗೆ ಆ ಮೊಣಕಾಲು ನೋಯಲು ಶುರುವಾಗುತ್ತದೆ. ನಾನು ಮೊದಮೊದಲು ಕಟ್ಟಿದವರನ್ನು ಬೈದುಕೊಂಡೇ ಹತ್ತಿದೆ. ಆಮೇಲೆ ನಾಲ್ಕು ಕಾಲಿನ ಲೆಕ್ಕ ಹಾಕಿ ನೋಡಿದೆ. ಬೆನ್ನ ಮೇಲೆ ಜೀನು ಬಿಗಿದು, ಎರಡೂ ಬದಿಗೆ ಮೂಟೆ ಇಳಿಬಿಟ್ಟ ಪ್ರಾಣಿಗೆ ಎತ್ತರದ ಮೆಟ್ಟಿಲಾದರೆ ಹೊರೆ ಹಿಂದಕ್ಕೆ ಜಾರುತ್ತದೆ. ಮೆಟ್ಟಿಲು ತಗ್ಗಾಗಿ, ತುಸು ಇಳಿಜಾರಾಗಿ, ಅಗಲವಾಗಿ ಇದ್ದರೆ ಮುಂಗಾಲು ಊರಿ ಹಿಂಗಾಲನ್ನು ನಿಧಾನವಾಗಿ ಎಳೆದುಕೊಳ್ಳಬಹುದು. ಮೆಟ್ಟಿಲಿನ ಅಂಚಿಗೆ ಅಡ್ಡಲಾಗಿ, ನೆಟ್ಟಗೆ ನಿಲ್ಲಿಸಿದ ಕಲ್ಲಿನ ಸಾಲು ಇರುತ್ತದೆ. ಗೊರಸಿಗೆ ಅದೇ ಆಸರೆ. ಮಳೆಗಾಲದಲ್ಲಿ ದಾರಿಯುದ್ದಕ್ಕೂ ಹರಿದು ಬರುವ ನೀರನ್ನು ತಡೆದು ಬದಿಗೆ ತಳ್ಳುವುದೂ ಅದೇ. ಅಲ್ಲಿ ಮಳೆಗಾಲ ಎಂದರೆ ಚಳಿಗಾಲ ಎನ್ನುವುದನ್ನು ಮರೆಯಬೇಡಿ.

ದಾರಿಯ ಅಗಲ ಎರಡು ಬದಿಯ ಮೂಟೆ ಗೋಡೆಗೆ ತಾಗದೆ ಹಾಯುವಷ್ಟು. ಗೋಡೆಗಳಿಗೆ ಗಾರೆಯಿಲ್ಲ, ಸಿಮೆಂಟಿಲ್ಲ. ಹೊಲದಲ್ಲಿ ಉಳುವಾಗ ಎದ್ದ ಕಲ್ಲನ್ನೇ ಆರಿಸಿ, ಒಂದರ ಭಾರ ಇನ್ನೊಂದರ ಮೇಲೆ ಕೂರುವಂತೆ ಪೇರಿಸಿದ ಪಾಗಾರ. ಹೊಲದ ಕಲ್ಲೂ ಖಾಲಿಯಾಯಿತು, ದಾರಿಯಲ್ಲಿ ಹೋಗುವ ಪ್ರಾಣಿ ಬಾರ್ಲಿಗೆ ಬಾಯಿ ಹಾಕುವುದೂ ತಪ್ಪಿತು. ಈ ಕಸುಬನ್ನು 2018ರಲ್ಲಿ ಯುನೆಸ್ಕೊ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಗ್ರೀಸ್, ಸೈಪ್ರಸ್, ಕ್ರೊಯೇಷಿಯಾ, ಇಟಲಿ, ಫ್ರಾನ್ಸ್, ಸ್ಪೇನ್, ಸ್ಲೊವೇನಿಯಾ, ಸ್ವಿಟ್ಜರ್ಲೆಂಡ್ ಒಟ್ಟಾಗಿ ಕೇಳಿದ ಮಾನ್ಯತೆ ಅದು. ಪಟ್ಟಿಗೆ ಸೇರಿದ್ದು ಗೋಡೆಗಳಲ್ಲ, ಕಟ್ಟುವ ವಿದ್ಯೆ. ಸರಿಯಾದ ಆಯ್ಕೆ ಎಂದೇ ನನ್ನ ಅಭಿಪ್ರಾಯ. ಇಂಥ ಗೋಡೆ ಬೀಳುವುದು ಸಹಜ. ಬಿದ್ದ ಕಲ್ಲನ್ನೇ ಎತ್ತಿ ಮತ್ತೆ ಕೂರಿಸಬಲ್ಲ ಕೈ ಊರಿನಲ್ಲಿ ಇದೆಯೇ ಎನ್ನುವುದು ಪ್ರಶ್ನೆ.

ಇಷ್ಟು ಹೊಗಳಿದೆ ಎಂದು ಆ ಕಾಲವೇ ಚೆನ್ನಾಗಿತ್ತು ಎನ್ನಲು ನಾನು ಬಂದಿಲ್ಲ. ಖೋರಾ ಮತ್ತು ಎಗಿಯಾಲಿಯ ನಡುವೆ ವಾಹನ ಓಡುವ ಸರಿಯಾದ ರಸ್ತೆ ಆದದ್ದು 20ನೇ ಶತಮಾನದ ಕೊನೆಯ ದಶಕಗಳಲ್ಲಿ. ಅಲ್ಲಿಯವರೆಗೆ ಇದ್ದದ್ದು ಎರಡೇ ಉಪಾಯ: ದೋಣಿ ಇಲ್ಲವೇ ಈ ದಾರಿ. ಹೆರಿಗೆ ನೋವಿನವಳಿಗೂ, ಜ್ವರದ ಮಗುವಿಗೂ ಇದೇ ದಾರಿ. ಎಷ್ಟು ದೂರದ ಮೂಲೆಯಾಗಿತ್ತೆಂದರೆ, 1967ರಿಂದ 1974ರವರೆಗೆ ಗ್ರೀಸನ್ನು ಆಳಿದ ಸೇನಾಧಿಕಾರಿಗಳು ತಮಗಾಗದವರನ್ನು ಗಡೀಪಾರು ಮಾಡಿ ಕೂರಿಸಲು ಈ ದ್ವೀಪವನ್ನೂ ಬಳಸಿದರು. ಹಾಗೆ ಬಂದ ರಾಜಕಾರಣಿ ಯೋರ್ಗೊಸ್ ಮಿಲೊನಾಸ್ 1969ರಲ್ಲಿ ಸಮುದ್ರದ ದಾರಿ ಹಿಡಿದು ತಪ್ಪಿಸಿಕೊಂಡರು. ರಸ್ತೆ ಬಂದಾಗ ಊರವರು ಹಳೇ ದಾರಿಯನ್ನು ಬಿಟ್ಟರು. ಅವರ ಜಾಗದಲ್ಲಿ ನೀವಿದ್ದರೂ ಬಿಡುತ್ತಿದ್ದಿರಿ. ಹೆಗಲಿಗೆ ಚೀಲ ಹಾಕಿಕೊಂಡು ಖುಷಿಗೆ ನಡೆಯುವ ನಮಗೂ, ಹಿಟ್ಟಿನ ಮೂಟೆಯೊಂದಿಗೆ ಗತಿಯಿಲ್ಲದೆ ನಡೆದವರಿಗೂ ಕಾಲಡಿಯ ಕಲ್ಲು ಮಾತ್ರ ಒಂದೇ.

ಈಗ ನಡೆಯೋಣ. ಬೆಳಿಗ್ಗೆ ಬಿಸಿಲೇರುವ ಮುಂಚೆ ಖೋರಾದಿಂದ ಹೊರಡಬೇಕು. ಊರ ಮೇಲಿನ ದಿಬ್ಬದಲ್ಲಿ ಗಾಳಿಗಿರಣಿಗಳ ಸಾಲು ನಿಂತಿದೆ. ರೆಕ್ಕೆಗಳಿಲ್ಲ, ಬರೀ ಕಲ್ಲಿನ ಗೋಪುರಗಳು. ಊರಿನ ಮೇಲ್ತುದಿ ದಾಟಿದ ಕೂಡಲೇ ನೆಲ ಮುಗಿದಂತೆ ಅನಿಸುತ್ತದೆ. ದ್ವೀಪದ ದಕ್ಷಿಣದ ಮೈ ನೇರವಾಗಿ ಸಮುದ್ರಕ್ಕೆ ಬಿದ್ದಿದೆ, ಆ ಕಡಿದಾದ ಮೈಯ ಮೇಲೆ ಕಲ್ದೆರಿಮಿ ಅಂಕುಡೊಂಕಾಗಿ ಇಳಿಯುತ್ತದೆ. ಆಡು ಇಲ್ಲಿ ನೇರ ಇಳಿದುಬಿಡುತ್ತದೆ. ಹೊರೆ ಹೊತ್ತ ಪ್ರಾಣಿಗೆ ಮಾತ್ರ ತಿರುವು ಬೇಕು.

ಕೆಳಗೆ, ಸಮುದ್ರದಿಂದ ಸುಮಾರು ಮುನ್ನೂರು ಮೀಟರ್ ಮೇಲೆ, ಬಂಡೆಯ ಮುಖಕ್ಕೆ ಬಳಿದಂತೆ ಹೊಜೊವಿಯೊತಿಸ್ಸಾ ಮಠ ಇದೆ. ಮೇರಿಮಾತೆಯ ಮಠ. ಬೈಜಾಂಟಿಯಂನ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ, ಚಕ್ರವರ್ತಿ ಒಂದನೇ ಅಲೆಕ್ಸಿಯೋಸ್ ಕೊಮ್ನೆನೊಸ್ 1088ರಲ್ಲಿ ಇದಕ್ಕೆ ಆಶ್ರಯ ಕೊಟ್ಟ ಎನ್ನುತ್ತಾರೆ. ದೇವರ ಪಟಗಳನ್ನು ನಿಷೇಧಿಸಿ ನಾಶ ಮಾಡಿದ ವಿಗ್ರಹಭಂಜನೆಯ ಕಾಲದಲ್ಲಿ ಪ್ಯಾಲೆಸ್ತೀನಿನ ಖೊಜಿವಾ ಎಂಬಲ್ಲಿಂದ ಪಾರಾಗಿ ಬಂದ ಮೇರಿಯ ಪಟ ಇಲ್ಲಿ ದಡ ಸೇರಿತು ಎಂಬುದು ಐತಿಹ್ಯ. ಕಟ್ಟಡ ಎಂಟು ಅಂತಸ್ತಿನದು, ಅಗಲ ಮಾತ್ರ ಹೆಚ್ಚೆಂದರೆ ಐದು ಮೀಟರ್. ಒಳಗಿನ ಮೆಟ್ಟಿಲುಗಳಲ್ಲಿ ಎದುರಿನವರು ಬಂದರೆ ಒಬ್ಬರು ಗೋಡೆಗೆ ಒರಗಬೇಕು. ಕೆಲವು ಕಡೆ ಗೋಡೆ ಎಂದರೆ ಬೆಟ್ಟವೇ. ಒಳಗೆ ಹೋಗಲು ಗಂಡಸರು ಪೂರ್ತಿ ಪ್ಯಾಂಟು, ಹೆಂಗಸರು ಲಂಗ ಹಾಕಿರಬೇಕು. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಆದ್ದರಿಂದ ಬೆಳಿಗ್ಗೆಯೇ ಹೋಗಿ. ಬಂದವರಿಗೆ ನೀರು, ಲುಕುಮಿ ಎಂಬ ಸಿಹಿ, ಜೇನು ಮತ್ತು ಮಸಾಲೆ ಹಾಕಿ ಕಾಯಿಸಿದ ರಾಕಿ ಎಂಬ ಮದ್ಯ ಒಂದು ಗುಟುಕು ಕೊಡುವುದು ಮಠದ ಪದ್ಧತಿ. ಮುಂದೆ ನಾಲ್ಕು ಗಂಟೆ ನಡೆಯುವುದಿದ್ದರೆ ಸಿಹಿ ಮತ್ತು ನೀರು ಸಾಕು ಎನ್ನುವುದು ನನ್ನ ಸಲಹೆ. ಯಾರೂ ಕೇಳುವುದಿಲ್ಲ, ಗೊತ್ತು.

ಈಸ್ಟರ್ ಹಬ್ಬದಲ್ಲಿ ಆ ಪಟ ಮಠ ಬಿಟ್ಟು ಹೊರಗೆ ಬರುತ್ತದೆ, ನಮ್ಮ ಊರದೇವರು ಸವಾರಿ ಹೊರಟ ಹಾಗೆ ದ್ವೀಪದ ಊರುಗಳಿಗೆ ಹೋಗಿ ಬರುತ್ತದೆ.

ಮಠದ ಮೆಟ್ಟಿಲುಗಳ ಬಳಿಯೇ ದಾರಿ ಈಶಾನ್ಯಕ್ಕೆ ಕವಲೊಡೆಯುತ್ತದೆ. ಎಡಕ್ಕೆ ಪ್ರೊಫಿತಿಸ್ ಇಲಿಯಾಸ್ ಬೆಟ್ಟದ ಗೋಡೆ, ಬಲಕ್ಕೆ ತೆರೆದ ಆಕಾಶ, ಕೆಳಗೆ ಸಮುದ್ರ. ಈ ಮೈ ಇಷ್ಟು ಕಡಿದಾಗಿರುವುದಕ್ಕೆ ಭೂಮಿಯ ಒಳಗಿನ ಕಾರಣ ಉಂಟು. ದ್ವೀಪದ ದಕ್ಷಿಣಕ್ಕೆ ಸಮುದ್ರದಡಿಯಲ್ಲಿ ದೊಡ್ಡ ಸ್ತರಭಂಗವೊಂದು, ಅಂದರೆ ನೆಲದ ಪದರಗಳು ಸರಿದ ಬಿರುಕೊಂದು, ಹಾದುಹೋಗಿದೆ. ಅದರ ಆಚೆಯ ನೆಲ ಕುಸಿಯುತ್ತ ಬಂದಿದೆ, ಈಚೆಯದು ಎತ್ತರದಲ್ಲಿ ಉಳಿದಿದೆ. 1956ರ ಜುಲೈ 9ರಂದು ಇಲ್ಲಿ ಆದ ಭೂಕಂಪದ ತೀವ್ರತೆ 7.5ಕ್ಕಿಂತ ಹೆಚ್ಚು. 20ನೇ ಶತಮಾನದಲ್ಲಿ ಏಜಿಯನ್ ಕಂಡ ಅತಿ ದೊಡ್ಡ ಕಂಪನಗಳಲ್ಲಿ ಅದೊಂದು. ಸುನಾಮಿಯೂ ಎದ್ದಿತು. ಐವತ್ತಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹುಪಾಲು ಸಾಂತೊರಿನಿಯವರು. ನಿಮಗೆ ಇನ್ನೂ ನೆನಪಿರಬಹುದಾದದ್ದು 2025ರ ಫೆಬ್ರವರಿ. ಸಾಂತೊರಿನಿ ಮತ್ತು ಅಮೊರ್ಗೊಸ್ ನಡುವಿನ ಸಮುದ್ರದಡಿಯಲ್ಲಿ ಸಾವಿರಾರು ಸಣ್ಣ ಕಂಪನಗಳು ಎಡೆಬಿಡದೆ ಆದವು, ದೊಡ್ಡದು 5.3ರವರೆಗೆ ಹೋಯಿತು. ಸಾಂತೊರಿನಿಯಿಂದ ಸಾವಿರಾರು ಜನ ಹಡಗು, ವಿಮಾನ ಹತ್ತಿದರು. ದಾರಿಯ ಈ ಭಾಗದಲ್ಲಿ ನಡೆಯುವಾಗ ಮೇಲಿನಿಂದ ಉರುಳಿ ಬಂದು ದಾರಿಯಲ್ಲೇ ಕೂತ ಬಂಡೆಗಳು ಸಿಗುತ್ತವೆ. ನೆರಳಿದೆ ಎಂದು ಬಂಡೆಗೋಡೆಯ ಬುಡದಲ್ಲಿ ಬುತ್ತಿ ಬಿಚ್ಚಬೇಡಿ.

ನೆರಳಿನ ಮಾತು ಬಂತು. ಈ ದಾರಿಯಲ್ಲಿ ಮರವೇ ಇಲ್ಲ ಎನ್ನಬಹುದು. ಮೊಣಕಾಲೆತ್ತರದ ಮುಳ್ಳುಪೊದೆ, ಥೈಮ್, ಸೇಜ್, ಒರೆಗಾನೊ. ಪ್ಯಾಂಟಿನ ಅಂಚು ಸೋಕಿದರೆ ಸಾಕು, ಗಿಡ ಘಂ ಎನ್ನುತ್ತದೆ. ಮುಳ್ಳೂ ಘಾಟೂ ಇಲ್ಲದ್ದನ್ನು ಆಡುಗಳು ಉಳಿಸುವುದಿಲ್ಲ. ಕುಡಿಯುವ ನೀರು ನಡುವೆ ಸಿಗುತ್ತದೆ ಎಂದು ನಂಬಬೇಡಿ, ತಲಾ ಎರಡು ಮೂರು ಲೀಟರ್ ಹೊತ್ತುಕೊಳ್ಳಿ. ಏಪ್ರಿಲ್, ಮೇ ಒಳ್ಳೆಯ ಕಾಲ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಕೂಡ ಆಗಬಹುದು. ಜುಲೈ ಆಗಸ್ಟ್‌ನಲ್ಲಿ ಉತ್ತರದಿಂದ ಮೆಲ್ತೆಮಿ ಎಂಬ ಗಾಳಿ ಬೀಸುತ್ತದೆ. ಬಿಸಿಲು ಗೊತ್ತಾಗದಂತೆ ತಂಪಾಗಿಸಿ ಮೈಯ ನೀರನ್ನೆಲ್ಲ ಹೀರಿಬಿಡುವ ಕಳ್ಳ ಗಾಳಿ.

ದಾರಿ ಏರಿ ನೆತ್ತಿ ಮುಟ್ಟಿದಾಗ ಎರಡೂ ಕಡೆಯ ಸಮುದ್ರ ಒಮ್ಮೆಗೇ ಕಾಣುತ್ತದೆ. ಇಲ್ಲಿ ನಿಂತು ಇಳಿಜಾರನ್ನು ನೋಡಿ: ಕಲ್ಲಿನ ಒಡ್ಡು ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಮಾಡಿದ ಹೊಲಗಳು. ಕೆಲವು ಎರಡು ಚಾಪೆ ಹಾಸುವಷ್ಟೇ ಅಗಲ. ಹೆಚ್ಚಿನವು ಈಗ ಬೀಳು. ಗಾಳಿ ಚೆನ್ನಾಗಿ ಸಿಗುವ ಜಾಗ ನೋಡಿ ಕಲ್ಲು ಹಾಸಿದ ದುಂಡನೆಯ ಕಣಗಳು ಇವೆ, ಸುತ್ತಲೂ ನಿಲ್ಲಿಸಿದ ಕಲ್ಲಿನ ಅಂಚು. ಬಾರ್ಲಿ ತುಳಿಸಿ ತೂರಲು ಗಾಳಿ ಬೇಕಲ್ಲ. ಹಳೇ ದಾರಿಯ ಪಕ್ಕದಲ್ಲೇ ಕಣಗಳಿರುವುದು ಆಕಸ್ಮಿಕವಲ್ಲ: ಕಾಳಿನ ಮೂಟೆ ಕಣದಿಂದ ನೇರ ಪ್ರಾಣಿಯ ಬೆನ್ನಿಗೆ ಹೋಗಬೇಕು.

ಅರ್ಧ ದಾರಿ ಮುಗಿಯುವ ಹೊತ್ತಿಗೆ ಅಸ್ಫೊಂದಿಲಿತಿಸ್ ಎಂಬ ಊರು. ಬಹುತೇಕ ಬಿಟ್ಟುಹೋದ ಊರು. ಮಾಡು ಕುಸಿದ ಕಲ್ಲುಮನೆಗಳು, ಚಿಕ್ಕ ಚರ್ಚು, ಆಡಿನ ದೊಡ್ಡಿಗಳು. ಎರಡನೇ ಮಹಾಯುದ್ಧದ ನಂತರ ದ್ವೀಪಗಳಿಂದ ಜನ ಅಥೆನ್ಸ್‌ಗೆ, ಅಮೆರಿಕಕ್ಕೆ, ಆಸ್ಟ್ರೇಲಿಯಾಕ್ಕೆ ಹೋದ ಕಥೆ ನಿಮಗೆ ಇಲ್ಲಿ ಗೋಡೆಗಳಲ್ಲೇ ಸಿಗುತ್ತದೆ. ನನಗೆ ಈ ದಾರಿಯಲ್ಲಿ ಮಠಕ್ಕಿಂತ ಹೆಚ್ಚು ಇಷ್ಟವಾದದ್ದು ಇಲ್ಲಿಯ ಕಲ್ಲುಗಳ ಮೇಲಿನ ಗೀರುಚಿತ್ರಗಳು. ಮನೆಗೋಡೆಯ ಕಲ್ಲು, ದಾರಿಬದಿಯ ಬಂಡೆ, ಎಲ್ಲೆಂದರಲ್ಲಿ ಕೈ ಹಿಡಿದು ಕುಣಿಯುವವರು, ಪಿಟೀಲು ನುಡಿಸುವವನು. ಮಕ್ಕಳು ಬರೆದ ಹಾಗೆ ಕಡ್ಡಿಯಂಥ ಕೈಕಾಲು, ಆದರೆ ಕುಣಿತದ ಲಯ ಮಾತ್ರ ಪಕ್ಕಾ. ಇವುಗಳನ್ನು ಕೆತ್ತಿದವನು ಕಾಲಿನ ಊನವಿದ್ದ, ಸರಿಯಾಗಿ ನಡೆಯಲಾಗದ ಇದೇ ಊರಿನ ಒಬ್ಬ ಎಂದು ದ್ವೀಪದವರು ಹೇಳುತ್ತಾರೆ. ಪ್ರಾಚೀನ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಅವು ತೀರ ಹಳೆಯವಲ್ಲ. ಹಳೆಯದಾಗಿದ್ದರೆ ಈ ಹೊತ್ತಿಗೆ ಬೇಲಿ, ಟಿಕೆಟ್ಟು ಎರಡೂ ಬಂದಿರುತ್ತಿದ್ದವು.

ಪ್ರಾಚೀನವಾದದ್ದು ಬೇಕೆಂದರೆ ಎಡಗಡೆ ಕೆಳಗೆ ನೋಡಿ. ನಿಕೂರಿಯಾ ಎಂಬ ನಿರ್ಜನ ನಡುಗಡ್ಡೆ. ಅಲ್ಲಿ ಸಿಕ್ಕ ಶಾಸನವೊಂದು ಕ್ರಿಸ್ತಪೂರ್ವ ಮೂರನೇ ಶತಮಾನದ್ದು. ಈಜಿಪ್ಟಿನ ದೊರೆ ಎರಡನೇ ಟಾಲೆಮಿ ತನ್ನ ತಂದೆಯ ಗೌರವಕ್ಕೆ ಅಲೆಕ್ಸಾಂಡ್ರಿಯಾದಲ್ಲಿ ಆರಂಭಿಸಿದ ಉತ್ಸವಕ್ಕೆ ದ್ವೀಪಗಳ ಒಕ್ಕೂಟ ಒಪ್ಪಿಗೆ ಕೊಟ್ಟು ಪ್ರತಿನಿಧಿಗಳನ್ನು ಕಳಿಸಲು ತೀರ್ಮಾನಿಸಿದ್ದು ಅದರಲ್ಲಿದೆ. ಆಗ ಅಮೊರ್ಗೊಸ್‌ನಲ್ಲಿ ಮೂರು ಪಟ್ಟಣಗಳು: ಅರ್ಕೆಸಿನಿ, ಮಿನೋವಾ, ಐಗಿಯಾಲೆ. ಈ ಮೂರನ್ನು ಜೋಡಿಸುವ ದಾರಿಗೆ ಬೆಟ್ಟದ ಬೆನ್ನು ಬಿಟ್ಟರೆ ಬೇರೆ ಜಾಗ ಕಾಣುವುದಿಲ್ಲ. ನಮ್ಮ ಕಾಲಡಿಯ ಕಲ್ಲು ಅಷ್ಟು ಹಳೆಯದು ಎಂದು ನಾನು ಹೇಳುತ್ತಿಲ್ಲ. ದಾರಿಯ ಜಾಡು ಹಳೆಯದಿರಬಹುದು ಎಂದಷ್ಟೇ.

ಕೊನೆಯ ಭಾಗ ಇಳಿಜಾರು. ಪೊತಾಮೊಸ್ ಎಂಬ ಊರಿನ ಮೆಟ್ಟಿಲೋಣಿಗಳ ಮೂಲಕ ಎಗಿಯಾಲಿಯ ಕೊಲ್ಲಿಗೆ ಇಳಿಯುತ್ತೀರಿ. ಬೇಳೆ ಬೇಯಿಸಿ ರುಬ್ಬಿ, ಆಲಿವ್ ಎಣ್ಣೆ, ಈರುಳ್ಳಿ ಹಾಕಿದ ಫಾವಾ ಸಿಕ್ಕರೆ ತಿನ್ನಿ. ಸಸ್ಯಾಹಾರಿಗಳಿಗೆ ಅದೇ ಗತಿ, ಒಳ್ಳೆಯ ಗತಿ.

ಈ ದಾರಿಯನ್ನು ಈಗ ಉಳಿಸುತ್ತಿರುವವರು ಯಾರು ಎಂದು ಕೇಳಬಹುದು. ಹೇಸರಗತ್ತೆಗಳು ಓಡಾಡುತ್ತಿದ್ದಾಗ ಪೊದೆ ಬೆಳೆಯುತ್ತಿರಲಿಲ್ಲ, ಬಿದ್ದ ಕಲ್ಲನ್ನು ಬಿದ್ದ ವಾರವೇ ಯಾರೋ ಎತ್ತಿ ಇಡುತ್ತಿದ್ದರು, ಏಕೆಂದರೆ ಅವರ ಮೂಟೆ ಹಾಯಬೇಕಿತ್ತು. ಈಗ ಆ ಅಗತ್ಯ ಯಾರಿಗೂ ಇಲ್ಲ. ಆಂಡ್ರೊಸ್ ದ್ವೀಪದಲ್ಲಿ ಸ್ವಯಂಸೇವಕರು ಕಾಲುದಾರಿಗಳನ್ನು ಸವರಿ, ಗುರುತು ಹಾಕಿ, ದೊಡ್ಡ ಜಾಲವನ್ನೇ ಮತ್ತೆ ತೆರೆದಿದ್ದಾರೆ. ಅಮೊರ್ಗೊಸ್‌ನಲ್ಲೂ ಸಂಖ್ಯೆ ಬರೆದ ಫಲಕಗಳಿವೆ. ಆದರೆ ಫಲಕ ನೆಡುವುದು ಒಂದು ದಿನದ ಕೆಲಸ, ಗೋಡೆ ಎತ್ತುವುದು ಪ್ರತಿ ವರ್ಷದ ಕೆಲಸ. ಹಣ ಬಂದಾಗ ಮೊದಲನೆಯದು ಬೇಗ ಆಗುತ್ತದೆ, ಎರಡನೆಯದಕ್ಕೆ ಕೂಲಿ ಯಾರು ಕೊಡಬೇಕೆಂಬ ಚರ್ಚೆ ಮುಗಿಯುವುದಿಲ್ಲ.

ನಡೆಯುವವರಿಗೆ ನನ್ನ ಕಡೆಯಿಂದ ಎರಡು ವಿನಂತಿ. ಒಂದರ ಮೇಲೊಂದು ಕಲ್ಲು ಪೇರಿಸಿ ಫೋಟೋ ತೆಗೆದುಕೊಳ್ಳುವ ಹುಚ್ಚು ಅಲ್ಲಿಗೂ ಬಂದಿದೆ, ಆ ಕಲ್ಲುಗಳನ್ನು ಗೋಡೆಯಿಂದಲೇ ಕೀಳುತ್ತಾರೆ. ದಯವಿಟ್ಟು ಮಾಡಬೇಡಿ. ಇನ್ನೊಂದು, ದಾರಿಗೆ ಅಡ್ಡಲಾಗಿ ಹಳೆಯ ಮಂಚದ ಚೌಕಟ್ಟೋ ತಂತಿಯೋ ಕಟ್ಟಿದ ಗೇಟು ಸಿಕ್ಕರೆ, ತೆರೆದು ದಾಟಿದ ಮೇಲೆ ತಂತಿಯನ್ನು ಮೊದಲಿದ್ದ ಹಾಗೆಯೇ ಸುತ್ತಿ ಬನ್ನಿ. ಆಚೆ ಯಾರದೋ ಆಡುಗಳಿರುತ್ತವೆ.