ಬೇಡ ಎನ್ನುವವರೇ ಇಲ್ಲದ ನೌಕೆ

ಕೇಳುಗರಿಗೆಲ್ಲ ನಮಸ್ಕಾರ.

ಮುಳುಗಿದ ಟೈಟಾನಿಕ್ ಹಡಗು ಅಟ್ಲಾಂಟಿಕ್ ಸಾಗರದಲ್ಲಿ ಸುಮಾರು 3,800 ಮೀಟರ್ ಆಳದಲ್ಲಿ ಬಿದ್ದಿದೆ. ಅಲ್ಲಿ ನೀರಿನ ಒತ್ತಡ ಎಷ್ಟು ಗೊತ್ತಾ? ಕಿರುಬೆರಳಿನ ಉಗುರಿನಷ್ಟು ಜಾಗದ ಮೇಲೆ ಸುಮಾರು 380 ಕಿಲೋ ಭಾರ. ಆ ಹಡಗನ್ನು ನೋಡಲು 2023ರ ಜೂನ್ 18ರಂದು ಟೈಟನ್ ಎಂಬ ಪುಟ್ಟ ನೌಕೆಯಲ್ಲಿ ಐದು ಜನ ಇಳಿದರು. ಅವರಲ್ಲಿ ಅಪ್ಪನ ಜೊತೆ ಹೊರಟಿದ್ದ 19 ವರ್ಷದ ಹುಡುಗನೂ ಇದ್ದ. ಒಂದು ಸೀಟಿನ ದರ 2,50,000 ಡಾಲರ್, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು ಎರಡು ಕೋಟಿ ರೂಪಾಯಿ. ಬಾಗಿಲಿಗೆ ಹೊರಗಡೆಯಿಂದ ಬೋಲ್ಟ್ ಬಿಗಿಯುತ್ತಿದ್ದರು. ಒಳಗಿದ್ದವರು ತೆರೆಯುವ ಹಾಗೇ ಇರಲಿಲ್ಲ. ಎರಡು ಗಂಟೆಯೊಳಗೆ ನೌಕೆ ಒತ್ತಡಕ್ಕೆ ನುಚ್ಚುನೂರಾಯಿತು. ಐವರೂ ತೀರಿಕೊಂಡರು.

ಹುಚ್ಚು ಧೈರ್ಯ ಅಂದು ಸುಮ್ನಾಗಬಹುದು. ನನಗೆ ಅಷ್ಟೇ ಅನ್ನಿಸುವುದಿಲ್ಲ. ವಿಪರೀತ ದುಡ್ಡಿದ್ದವರಿಗೆ ನಷ್ಟ ಎಂದರೆ ಮತ್ತೆ ಗಳಿಸಬಹುದಾದದ್ದು. ಕೇಸು ಬಿದ್ದರೆ ವಕೀಲರಿದ್ದಾರೆ, ಕಾಯಿಲೆ ಬಂದರೆ ದೊಡ್ಡ ಡಾಕ್ಟರಿದ್ದಾರೆ. ಹೀಗೆ ಪ್ರತಿ ಸಲ ಪಾರಾಗಿ ಪಾರಾಗಿ, ಅಪಾಯಕ್ಕೂ ಒಂದು ರೇಟಿದೆ, ಕೊಟ್ಟರೆ ಮುಗಿಯಿತು ಅನ್ನಿಸಿಬಿಡುತ್ತದೆ. ಇಷ್ಟು ದುಬಾರಿ ಎಂದಮೇಲೆ ಯಾರೋ ಸರಿಯಾಗಿ ಪರೀಕ್ಷೆ ಮಾಡಿಯೇ ಇರುತ್ತಾರೆ ಎಂಬ ನಂಬಿಕೆ ಬೇರೆ. ಟೈಟನ್ನಿಗೆ ಯಾವ ಸಂಸ್ಥೆಯ ಪ್ರಮಾಣಪತ್ರವೂ ಇರಲಿಲ್ಲ. ಹತ್ತುವವರು ಸಹಿ ಹಾಕಿದ ಕಾಗದದಲ್ಲಿ ಸಾವಿನ ಮಾತು ಮತ್ತೆ ಮತ್ತೆ ಬಂದಿತ್ತು. ಆದರೂ ಸಹಿ ಬಿತ್ತು.

ನೌಕೆ ಕಟ್ಟಿಸಿದ ಓಷನ್‌ಗೇಟ್ ಕಂಪನಿಯ ಕಥೆ ಇನ್ನೂ ಕಷ್ಟದ್ದು. ಅದರ ಮುಖ್ಯಸ್ಥ ಸ್ಟಾಕ್ಟನ್ ರಶ್. ಜನ ಕೂರುವ ಕೊಳವೆಯನ್ನು ಅವರು ಕಾರ್ಬನ್ ಫೈಬರಿನಲ್ಲಿ, ಅಂದರೆ ಪದರ ಪದರವಾಗಿ ಅಂಟಿಸಿದ ಹಗುರವಾದ ನಾರಿನಲ್ಲಿ ಮಾಡಿಸಿದರು. 2018ರಲ್ಲಿ ಅವರದೇ ಅಧಿಕಾರಿ ಡೇವಿಡ್ ಲಾಕ್ರಿಡ್ಜ್ ಇದರಲ್ಲಿ ದೋಷಗಳಿವೆ ಎಂದು ವರದಿ ಬರೆದುಕೊಟ್ಟರು. ಅವರ ಕೆಲಸವೇ ಹೋಯಿತು. ಅದೇ ವರ್ಷ ಈ ಕ್ಷೇತ್ರದ ಮೂವತ್ತಕ್ಕೂ ಹೆಚ್ಚು ಜನ ಸೇರಿ ಎಚ್ಚರಿಕೆಯ ಪತ್ರ ಸಿದ್ಧಮಾಡಿದರು. ರಶ್ ಅವರಿಗೆ ಅದೆಲ್ಲ ಹೊಸತನಕ್ಕೆ ಅಡ್ಡಗಾಲಾಗಿ ಕಂಡಿತು.

ನೌಕೆಯೂ ಸೂಚನೆ ಕೊಟ್ಟಿತ್ತು. 2022ರ ಜುಲೈನಲ್ಲಿ ಟೈಟಾನಿಕ್ ನೋಡಿ ಮೇಲೆ ಬರುವಾಗ ದೊಡ್ಡ ಸದ್ದು ಕೇಳಿಸಿತು. ಕೊಳವೆಯ ಪದರಗಳು ಬಿಟ್ಟುಕೊಂಡಿದ್ದವು. ಸೆನ್ಸರುಗಳ ಅಳತೆಯೂ ಬದಲಾಗಿತ್ತು. ಆದರೂ ಮತ್ತೆ ಇಳಿಸಿದರು. ಆಮೇಲೆ ಚಳಿಗಾಲವೆಲ್ಲ ಕೆನಡಾದ ಸೇಂಟ್ ಜಾನ್ಸ್ ಊರಿನಲ್ಲಿ ಅದು ಬಯಲಲ್ಲೇ ನಿಂತಿತ್ತು. ಹಿಮ ಬಿತ್ತು, ಕರಗಿತು, ಮತ್ತೆ ಹೆಪ್ಪುಗಟ್ಟಿತು.

ರಶ್ ಬೇರೆಯವರನ್ನು ಕಳಿಸಿ ತಾವು ದಡದಲ್ಲಿ ನಿಂತವರಲ್ಲ. ಆ ದಿನ ನೌಕೆ ನಡೆಸುತ್ತಿದ್ದವರೂ ಅವರೇ. ನನಗೆ ಭಯ ಹುಟ್ಟಿಸುವುದು ಇದೇ. ತಮ್ಮ ಮಾತನ್ನು ಅವರು ಪೂರ್ತಿ ನಂಬಿದ್ದರು, ಅಲ್ವಾ? ಬೇಡ ಎನ್ನುವವರನ್ನೆಲ್ಲ ದೂರ ಇಟ್ಟಮೇಲೆ ಕೇಳಿಸುವುದು ನಮ್ಮ ಮಾತು ಮಾತ್ರ.

ಈ ಸಾವುಗಳನ್ನು ತಪ್ಪಿಸಬಹುದಿತ್ತು ಎಂದು ಅಮೆರಿಕದ ಕರಾವಳಿ ಪಡೆ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಸುರಕ್ಷತೆಯ ಬಗ್ಗೆ ಬಾಯಿಬಿಡದಂತೆ ನೌಕರರಿಗೆ ಕೆಲಸ ಹೋಗುವ ಭಯ ಹುಟ್ಟಿಸಿದ್ದರು ಎಂದೂ ಅದರಲ್ಲಿದೆ. ಲಾಕ್ರಿಡ್ಜ್ ಬರೆದ ಆ ವರದಿ ಹತ್ತುವ ಮೊದಲು ಆ ಹುಡುಗನ ಕೈಗೆ ಸಿಗಬೇಕಿತ್ತು.